ಪೆಟ್ರೋಲಿನ ಗುಣ ಬ್ರಾಂಡಿನಲ್ಲಿದೆಯೇ, ಬಂಕಿನಲ್ಲಿದೆಯೇ?

ಕಳೆದ ಸಂಚಿಕೆಯಲ್ಲಿ ಸ್ಕೂಟರಿನ ಮೈಲೇಜ್ ಕುರಿತು ಉತ್ತರಿಸುವಾಗ, ಪೆಟ್ರೋಲ್ ಯಾವ ಕಂಪನಿಯದು ಎಂಬುದು ದೊಡ್ಡ ಸಂಗತಿಯಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೆ. ಆ ಸಾಲನ್ನು ಓದುಗರು ಸುಮ್ಮನೆ ಬಿಡಲಿಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಬಾರಿಯ ಪುಟವನ್ನೆಲ್ಲ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಬಳಿ 2021ರಲ್ಲಿ ಕೊಂಡ ಸ್ಕೂಟರ್ ಮತ್ತು ಒಂದು ಸಣ್ಣ ಕಾರು ಇವೆ. ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಮನೆಯ ಎದುರಿನ ಬಂಕನ್ನು ಬಿಟ್ಟು ಆರು ಕಿಲೋಮೀಟರ್ ದೂರದ ಬೇರೊಂದು ಕಂಪನಿಯ ಬಂಕಿಗೇ ಹೋಗುತ್ತಾರೆ. ‘ಆ ಕಂಪನಿಯ ಪೆಟ್ರೋಲೇ ಬೇರೆ, ಇಂಜಿನ್ ಶುಚಿಯಾಗಿರುತ್ತದೆ’ ಎನ್ನುವುದು ಅವರ ವಾದ. ಹೋದಲ್ಲೆಲ್ಲ ಬಂಕಿನ ಹುಡುಗರು ‘ಸರ್, ಪ್ರೀಮಿಯಂ ಹಾಕಲಾ?’ ಎಂದು ಬೇರೆ ಕೇಳುತ್ತಾರೆ. ಅದಕ್ಕೆ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು. ಇದರಲ್ಲಿ ನಿಜವೆಷ್ಟು?
— ಶಿಕ್ಷಕರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ನಿಜವಿದೆ, ಆದರೆ ಅವರು ಅಂದುಕೊಂಡಿರುವ ಅರ್ಧವಲ್ಲ. ಬಂಕಿನ ಮೇಲಿನ ಬೋರ್ಡು ಬೇರೆಯಾದ ಮಾತ್ರಕ್ಕೆ ಪೆಟ್ರೋಲಿನ ಹುಟ್ಟೂರು ಬೇರೆಯಾಗುವುದಿಲ್ಲ. ಕರ್ನಾಟಕದ ಮಟ್ಟಿಗೆ ನೋಡಿದರೆ, ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲವನ್ನು ಸಂಸ್ಕರಿಸುವ ಸಾಮರ್ಥ್ಯವಿರುವ ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದಿಂದ ಹೊರಡುವ ಇಂಧನ, ಹಾಸನದ ಮೂಲಕ ಬೆಂಗಳೂರಿನ ಹೊರವಲಯದ ದೇವನಗೊಂದಿಯವರೆಗೆ ಸುಮಾರು 360 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದುಬಂದು, ಅಲ್ಲಿಂದ ಬೇರೆ ಬೇರೆ ಬಣ್ಣದ ಟ್ಯಾಂಕರುಗಳನ್ನೇರಿ ಬೇರೆ ಬೇರೆ ಕಂಪನಿಗಳ ಬಂಕುಗಳಿಗೆ ಹೋಗುತ್ತದೆ. ತಮ್ಮ ಸಂಸ್ಕರಣಾಗಾರ ಹತ್ತಿರವಿಲ್ಲದ ಕಡೆ ಇನ್ನೊಬ್ಬರಿಂದ ಸರಕು ಪಡೆದು, ತಮ್ಮದು ಹತ್ತಿರವಿರುವ ಕಡೆ ಅವರಿಗೆ ಕೊಡುವ ಕೊಡುಕೊಳ್ಳುವಿಕೆ ನಮ್ಮ ಸರ್ಕಾರಿ ತೈಲ ಕಂಪನಿಗಳ ನಡುವೆ ಬಹುಕಾಲದಿಂದ ನಡೆದುಬಂದಿದೆ. ಒಂದೇ ಡೇರಿಯ ಹಾಲು ಬೇರೆ ಬೇರೆ ಪ್ಯಾಕೆಟ್ಟಿನಲ್ಲಿ ಬಂದ ಹಾಗೆ ಇದು. ಈ ಮೂಲ ಪೆಟ್ರೋಲ್ ಯಾರದ್ದಾದರೂ ಭಾರತೀಯ ಮಾನಕ ಬ್ಯೂರೊ ನಿಗದಿಪಡಿಸಿದ ಮಟ್ಟವನ್ನು ಮುಟ್ಟಲೇಬೇಕು: 2020ರ ಹೊತ್ತಿಗೆ ಸಾಮಾನ್ಯ ದರ್ಜೆಗೆ ಆಕ್ಟೇನ್ ಸಂಖ್ಯೆ (ಇದೇನೆಂಬುದನ್ನು ಮುಂದೆ ಹೇಳುತ್ತೇನೆ) ಕನಿಷ್ಠ 91 ಇರಬೇಕಿತ್ತು, 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ಎಂಬ ವಾಹನ ಮಾಲಿನ್ಯ ನಿಯಮದಂತೆ ಗಂಧಕವು ಹತ್ತು ಲಕ್ಷ ಭಾಗದಲ್ಲಿ ಹತ್ತು ಭಾಗವನ್ನು ಮೀರಬಾರದು. ಅದಕ್ಕೂ ಹಿಂದಿನ ಬಿಎಸ್-4ರಲ್ಲಿ ಈ ಮಿತಿ 50 ಇತ್ತು.

ಹಾಗಾದರೆ ನಿಜವಾದ ವ್ಯತ್ಯಾಸ ಎಲ್ಲಿ ಬರುತ್ತದೆ? ಕೊಳವೆಯ ಕೊನೆಯ ದಾಸ್ತಾನು ಕೇಂದ್ರವಾದ ಟರ್ಮಿನಲ್ಲಿನಲ್ಲಿ ಟ್ಯಾಂಕರಿಗೆ ಪೆಟ್ರೋಲ್ ತುಂಬುವ ಹೊತ್ತಿಗೆ ಅದರೊಳಗೆ ಬೆರೆಸುವ ಸಂಯೋಜಕಗಳಲ್ಲಿ. ಇವುಗಳಲ್ಲಿ ಮುಖ್ಯವಾದದ್ದು ಡಿಟರ್ಜೆಂಟ್. ಹೆಸರು ಕೇಳಿ ಬಟ್ಟೆ ಸೋಪು ನೆನಪಾದರೆ ತಪ್ಪೇನೂ ಇಲ್ಲ, ಕೆಲಸದ ರೀತಿ ಅದೇ. ಇದರ ಅಣುವಿನ ಒಂದು ತುದಿ ಜಿಡ್ಡಿಗೆ ಅಂಟಿಕೊಳ್ಳುತ್ತದೆ, ಉದ್ದನೆಯ ಇನ್ನೊಂದು ತುದಿ ಪೆಟ್ರೋಲಿನಲ್ಲಿ ಕರಗುತ್ತದೆ. ಹೀಗೆ ಅಂಟುವಾಳದ ನೊರೆ ಎಣ್ಣೆಯ ಕೊಳೆಯನ್ನು ಹಿಡಿದೆಬ್ಬಿಸುವ ಹಾಗೆ ಇದು ಕಟ್ಟಿದ ಮಡ್ಡಿಯನ್ನು ಸಡಿಲಿಸಿ ಪೆಟ್ರೋಲಿನ ಜೊತೆಗೇ ಉರಿದುಹೋಗುವಂತೆ ಮಾಡುತ್ತದೆ. ರಸಾಯನಶಾಸ್ತ್ರದ ಹೆಸರು ಬೇಕೆನ್ನುವವರಿಗೆ: ಹೆಚ್ಚಾಗಿ ಬಳಕೆಯಲ್ಲಿರುವುದು ಪಾಲಿಐಸೊಬ್ಯುಟಿಲೀನ್ ಅಮೀನ್ ಮತ್ತು ಪಾಲಿಈಥರ್ ಅಮೀನ್ ಎಂಬ ಎರಡು ಬಗೆ. ಪ್ರಮಾಣ ತೀರ ಕಡಿಮೆ. ಲೀಟರಿಗೆ ಕೆಲವೇ ಹನಿ. ಆದರೂ ಆ ಕೆಲವು ಹನಿಗಳು ಸಾವಿರಾರು ಕಿಲೋಮೀಟರಿನ ಓಟದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಮಾಡಬಲ್ಲವು.

ಕಣ್ಣಿಗೆ ಕಾಣುವಷ್ಟು ಎಂದದ್ದು ಬರಿಯ ಮಾತಲ್ಲ. ನಿಮ್ಮೂರಿನ ಯಾವುದೇ ಗ್ಯಾರೇಜಿನಲ್ಲಿ, ಅರವತ್ತು ಎಪ್ಪತ್ತು ಸಾವಿರ ಕಿಲೋಮೀಟರ್ ಓಡಿದ ಕಾರಿನ ಹೆಡ್ ಬಿಚ್ಚಿರುವಾಗ ಮೇಸ್ತ್ರಿಯನ್ನು ಕೇಳಿ, ಸಿಲಿಂಡರಿನೊಳಗೆ ಗಾಳಿಯನ್ನು ಬಿಡುವ ಬಾಗಿಲಾದ ಇನ್‌ಟೇಕ್ ವಾಲ್ವನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡಿ. ಕಮಲದ ಮೊಗ್ಗನ್ನು ತಲೆಕೆಳಗಾಗಿ ಹಿಡಿದಂತಿರುವ ಅದರ ಬೆನ್ನಿನ ಮೇಲೆ, ಒಲೆಯ ಮೇಲಿಟ್ಟು ಮರೆತ ಬೆಲ್ಲದ ಪಾಕದ ತಳದಂತೆ, ಕಪ್ಪಗೆ ಗಟ್ಟಿಯಾದ ಪದರವೊಂದು ಕಟ್ಟಿಕೊಂಡಿರುತ್ತದೆ. ಉಗುರಿನಿಂದ ಕೆರೆದರೆ ಹೊರಗಿನ ಪುಡಿ ಉದುರುತ್ತದೆ, ಒಳಗಿನದು ಅಲುಗುವುದಿಲ್ಲ. ಇಂಜಿನ್ ನಿಲ್ಲಿಸಿದ ಮೇಲೂ ಬಿಸಿಯಾಗಿಯೇ ಇರುವ ಲೋಹದ ಮೇಲೆ ಉಳಿದ ಪೆಟ್ರೋಲಿನಲ್ಲಿ ಹಗುರವಾದ ಭಾಗ ಆವಿಯಾಗಿ, ಅಸ್ಥಿರವಾದ ಭಾಗ ಗಾಳಿಯೊಡನೆ ಸೇರಿ ಅಂಟಾಗಿ, ಇಂಜಿನ್ ಎಣ್ಣೆಯ ಆವಿಯನ್ನೂ ಹಿಡಿದುಕೊಂಡು ಪದರ ಪದರವಾಗಿ ಸುಟ್ಟು ಕಟ್ಟಿದ್ದು ಅದು. ಮನೆಯಿಂದ ಶಾಲೆಗೆ, ಶಾಲೆಯಿಂದ ಪೇಟೆಗೆ ಎಂದು ಎರಡೆರಡು ಕಿಲೋಮೀಟರಿಗೆ ನಿಂತು ಹೊರಡುವ ಗಾಡಿಗಳಲ್ಲಿ ಇದು ಬೇಗ ಸೇರುತ್ತದೆ. ಈ ಪದರ ಸ್ಪಂಜಿನಂತೆ ಪೆಟ್ರೋಲನ್ನು ಹೀರಿಕೊಳ್ಳುವುದರಿಂದ ಬೆಳಗಿನ ತಣ್ಣನೆಯ ಸ್ಟಾರ್ಟಿನಲ್ಲಿ ಇಂಜಿನ್ ಮುಗ್ಗರಿಸುತ್ತದೆ, ಐಡ್ಲಿಂಗ್ ಅಲುಗುತ್ತದೆ, ಪಿಕಪ್ ಮಂದವಾಗುತ್ತದೆ. ಕೂದಲೆಳೆಯಷ್ಟು ಸೂಕ್ಷ್ಮ ರಂಧ್ರಗಳಿರುವ ಇಂಜೆಕ್ಟರಿನ ತುದಿಯಲ್ಲೂ ಇಂಥದೇ ಪದರ ಕಟ್ಟಿದರೆ, ಮಂಜಿನಂತೆ ಚಿಮ್ಮಬೇಕಾದ ಪೆಟ್ರೋಲ್ ಹನಿಹನಿಯಾಗಿ ಸೋರುತ್ತದೆ.

ಡಿಟರ್ಜೆಂಟ್ ಇದನ್ನು ತಡೆಯುತ್ತದೆಯೇ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಪರೀಕ್ಷೆಯೊಂದರ ಉತ್ತರ ಸ್ಪಷ್ಟವಾಗಿದೆ. ಅಲ್ಲಿ ಮಾರುವ ಪೆಟ್ರೋಲಿಗೆಲ್ಲ ಕನಿಷ್ಠ ಪ್ರಮಾಣದ ಡಿಟರ್ಜೆಂಟ್ ಬೆರೆಸಬೇಕೆಂಬ ಸರ್ಕಾರಿ ನಿಯಮ 1995ರಲ್ಲಿ ಬಂದಿತು. ಆ ಕನಿಷ್ಠ ಸಾಲದೆಂದು ಬಿಎಂಡಬ್ಲ್ಯು, ಜನರಲ್ ಮೋಟಾರ್ಸ್, ಹೋಂಡಾ ಮತ್ತು ಟೊಯೊಟಾ ಸೇರಿ 2004ರಲ್ಲಿ ಟಾಪ್ ಟಿಯರ್ ಎಂಬ ಇನ್ನೂ ಕಟ್ಟುನಿಟ್ಟಾದ ಮಟ್ಟವನ್ನು ರೂಪಿಸಿದವು. ಅಲ್ಲಿನ ವಾಹನ ಸವಾರರ ದೊಡ್ಡ ಸಂಘವಾದ ಎಎಎ 2016ರಲ್ಲಿ ಈ ಎರಡು ಬಗೆಯ ಪೆಟ್ರೋಲನ್ನು 4000 ಮೈಲಿ ಓಟಕ್ಕೆ ಸಮನಾಗಿ ಪರೀಕ್ಷಾ ಇಂಜಿನ್‌ನಲ್ಲಿ ಉರಿಸಿ ನೋಡಿದಾಗ, ಕನಿಷ್ಠ ಮಟ್ಟದ ಪೆಟ್ರೋಲ್ ಬಳಸಿದ ಇಂಜಿನ್ನಿನ ವಾಲ್ವುಗಳ ಮೇಲೆ ಸರಾಸರಿ 19 ಪಟ್ಟು ಹೆಚ್ಚು ಮಡ್ಡಿ ಕಂಡುಬಂದಿತು. ಆದ್ದರಿಂದ ಡಿಟರ್ಜೆಂಟ್ ಎಂಬುದು ಜಾಹೀರಾತಿನ ಕಟ್ಟುಕಥೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆಯೇ, ಈ ಫಲಿತಾಂಶವನ್ನು ನಮ್ಮ ಯಾವುದೋ ಒಂದು ಬ್ರಾಂಡಿನ ಪರವಾಗಿ ಎಳೆದು ತರುವುದನ್ನೂ ಒಪ್ಪಲಾರೆ. ನಮ್ಮ ಬಂಕುಗಳ ಬೋರ್ಡಿನಲ್ಲಿ ಬೆಲೆ ಬರೆದಿರುತ್ತದೆ, ಕೆಲವೆಡೆ ಆಕ್ಟೇನ್ ಸಂಖ್ಯೆಯೂ ಇರುತ್ತದೆ. ಡಿಟರ್ಜೆಂಟ್ ಎಷ್ಟು ಎಂಬುದು ಇರುವುದಿಲ್ಲ. ಅಳತೆ ಗೊತ್ತಿಲ್ಲದ ಎರಡನ್ನು ಗಿರಾಕಿ ಹೋಲಿಸುವುದಾದರೂ ಹೇಗೆ?

ಇನ್ನು ಪ್ರೀಮಿಯಂ ವಿಷಯ. ಇದರಲ್ಲಿ ಎರಡು ಬೇರೆ ಬೇರೆ ಗುಣಗಳು ಒಂದೇ ಹೆಸರಿನಡಿ ಬಂದು ಕುಳಿತಿವೆ, ಗೊಂದಲವೆಲ್ಲ ಅಲ್ಲಿಂದಲೇ. 2002ರ ಸುಮಾರಿಗೆ ನಮ್ಮಲ್ಲಿ ಸ್ಪೀಡ್, ಪವರ್ ಮುಂತಾದ ಹೆಸರುಗಳು ಬಂದಾಗ ಪ್ರಚಾರವೆಲ್ಲ ಸಂಯೋಜಕಗಳ ಸುತ್ತಲೇ ಇತ್ತು. ಈಗಿನ ಎಕ್ಸ್‌ಪಿ95, ಪವರ್95, ಸ್ಪೀಡ್ 97ರಂಥವುಗಳಲ್ಲಿ, ಹೆಸರೇ ಹೇಳುವಂತೆ, ಆಕ್ಟೇನ್ ಸಂಖ್ಯೆ ಮುಂದೆ ಬಂದಿದೆ. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ 100 ಆಕ್ಟೇನಿನ ಪೆಟ್ರೋಲನ್ನೂ ಬಿಡುಗಡೆ ಮಾಡಿತು. ಆಕ್ಟೇನ್ ಎಂದರೆ ಶಕ್ತಿಯೂ ಅಲ್ಲ, ಶುದ್ಧತೆಯೂ ಅಲ್ಲ. ಸಿಲಿಂಡರಿನ ಒತ್ತಡದಲ್ಲಿ ಕಿಡಿ ಬರುವವರೆಗೆ ತಾನಾಗಿಯೇ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣವದು. ಒತ್ತಡ ಹೆಚ್ಚಿರುವ ಇಂಜಿನ್ನಿಗೆ ಹೆಚ್ಚು ಆಕ್ಟೇನ್ ಬೇಕು. ಇಲ್ಲದಿದ್ದರೆ ನಾಕಿಂಗ್ ಎಂಬ ಲೋಹದ ಬಡಿತ ಕೇಳಿಸುತ್ತದೆ, ಅಥವಾ ಆಧುನಿಕ ಗಾಡಿಯಾದರೆ ಅದರ ಕಂಪ್ಯೂಟರ್ ಕಿಡಿಯನ್ನು ತಡಮಾಡಿ ಬಡಿತವನ್ನು ಅಡಗಿಸಿ, ಅದಕ್ಕೆ ಬದಲಾಗಿ ಶಕ್ತಿಯನ್ನು ತುಸು ಬಿಟ್ಟುಕೊಡುತ್ತದೆ. ನಿಮ್ಮ ಸ್ಕೂಟರಿನ ಕೈಪಿಡಿಯಲ್ಲಿ 91 ಸಾಕು ಎಂದಿದ್ದರೆ 95 ಹಾಕಿದ್ದಕ್ಕೆ ಅದು ಕೃತಜ್ಞತೆ ಸಲ್ಲಿಸುವುದಿಲ್ಲ. ಆ ಏಳೆಂಟು ರೂಪಾಯಿಯಲ್ಲಿ ನೀವು ಕೊಳ್ಳುತ್ತಿರುವುದು ನಿಮಗೆ ಬೇಡದ ಆಕ್ಟೇನನ್ನು ಮತ್ತು ಬೇಕಾಗಬಹುದಾದ ಡಿಟರ್ಜೆಂಟನ್ನು, ಎರಡನ್ನೂ ಒಟ್ಟಿಗೆ ಕಟ್ಟಿಕೊಟ್ಟ ಪೊಟ್ಟಣವನ್ನು.

ನಿಮ್ಮ ಎರಡೂ ಗಾಡಿಗಳಿಗೆ ನನ್ನ ಸಲಹೆ ಸಾಮಾನ್ಯ ಪೆಟ್ರೋಲ್, ಮನೆಯ ಹತ್ತಿರದ, ಆದರೆ ದಿನವಿಡೀ ಗಿರಾಕಿಗಳಿರುವ ಬಂಕಿನದು. ಕಂಪನಿಯ ಕೊಳವೆಯಿಂದ ಒಳ್ಳೆಯದಾಗಿ ಹೊರಟ ಪೆಟ್ರೋಲ್ ಕೆಡುವುದಾದರೆ ಅದು ಕೊನೆಯ ಹಂತದಲ್ಲಿ, ಅಂದರೆ ಟ್ಯಾಂಕರಿನಲ್ಲಿ ಅಥವಾ ಬಂಕಿನ ನೆಲದಡಿಯ ಟ್ಯಾಂಕಿನಲ್ಲಿ. ವ್ಯಾಪಾರ ಚುರುಕಾಗಿರುವ ಬಂಕಿನಲ್ಲಿ ಸರಕು ಎರಡು ಮೂರು ದಿನಕ್ಕೆ ಬದಲಾಗುತ್ತದೆ. ಎಲ್ಲೋ ಮೂಲೆಯ ಬಂಕಿನಲ್ಲಿ, ಅದರಲ್ಲೂ ಯಾರೂ ಕೇಳದ ಪ್ರೀಮಿಯಂ ಟ್ಯಾಂಕಿನಲ್ಲಿ, ಅದೇ ಪೆಟ್ರೋಲ್ ವಾರಗಟ್ಟಲೆ ಕುಳಿತಿರುತ್ತದೆ.

ಪ್ರಶ್ನೆ: ನನ್ನ ಕಾರು ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್. ಪ್ರತಿ ಸರ್ವಿಸಿನಲ್ಲೂ ಟ್ಯಾಂಕಿಗೆ ಸುರಿಯುವ ಒಂದು ಬಾಟಲಿ ಕ್ಲೀನರನ್ನು ಬಿಲ್ಲಿಗೆ ಸೇರಿಸುತ್ತಾರೆ. ವಾಲ್ವುಗಳು ಹೊಸದರಂತಾಗುತ್ತವೆ ಎನ್ನುತ್ತಾರೆ. ನಂಬಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ವಾಲ್ವಿನ ವಿಷಯದಲ್ಲಿ ನಂಬಬೇಡಿ. ಹಳೆಯ ಬಗೆಯ ಇಂಜಿನ್ನಿನಲ್ಲಿ ಇಂಜೆಕ್ಟರ್ ಪೆಟ್ರೋಲನ್ನು ಇನ್‌ಟೇಕ್ ವಾಲ್ವಿನ ಬೆನ್ನಿನ ಮೇಲೆಯೇ ಚಿಮುಕಿಸುತ್ತದೆ, ಆದ್ದರಿಂದ ಅದರಲ್ಲಿರುವ ಡಿಟರ್ಜೆಂಟ್ ಪ್ರತಿ ಸುತ್ತಿನಲ್ಲೂ ಅಲ್ಲಿ ತೊಳೆಯುತ್ತಿರುತ್ತದೆ. ನಿಮ್ಮ ಕಾರಿನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೇ ಹೋಗುತ್ತದೆ. ವಾಲ್ವಿನ ಬೆನ್ನಿಗೆ ಒಂದು ಹನಿಯೂ ತಾಗುವುದಿಲ್ಲ. ಅಲ್ಲಿ ಕಟ್ಟುವ ಕಾರ್ಬನ್ ಹೆಚ್ಚಾಗಿ ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿನಿಂದ ಮರಳಿ ಬರುವ ಎಣ್ಣೆಯ ಆವಿಯದು. ಟ್ಯಾಂಕಿಗೆ ಏನನ್ನೇ ಸುರಿದರೂ ಅದು ಆ ಜಾಗವನ್ನು ಮುಟ್ಟದು. ಹಿತ್ತಲಿಗೆ ನೀರು ಬಿಟ್ಟು ಜಗಲಿ ತೊಳೆಯಿತೆನ್ನುವ ಮಾತಿದು.

ಆದರೆ ಡೈರೆಕ್ಟ್ ಇಂಜೆಕ್ಷನ್ ಗಾಡಿಗೆ ಡಿಟರ್ಜೆಂಟೇ ಬೇಡವೆಂದಲ್ಲ. ಇದರ ಇಂಜೆಕ್ಟರಿನ ತುದಿ ಉರಿಯುವ ಬೆಂಕಿಯ ನಡುವೆಯೇ ಇರುವುದರಿಂದ ಅಲ್ಲಿ ಮಡ್ಡಿ ಕಟ್ಟುವ ಅಪಾಯ ಹೆಚ್ಚು, ಅದನ್ನು ಶುಚಿಯಾಗಿಡಲು ಒಳ್ಳೆಯ ಡಿಟರ್ಜೆಂಟ್ ನೆರವಾಗುತ್ತದೆ. ಇಂಥ ಇಂಜಿನ್ನುಗಳಲ್ಲಿ ಒತ್ತಡವೂ ಹೆಚ್ಚಿರುವುದರಿಂದ, ಕೈಪಿಡಿಯಲ್ಲಿ 95 ಆಕ್ಟೇನ್ ಶಿಫಾರಸು ಮಾಡಿದ್ದರೆ ಪ್ರೀಮಿಯಂ ಪೆಟ್ರೋಲಿಗೆ ಕೊಡುವ ಹಣಕ್ಕೆ ನಿಮ್ಮಲ್ಲಿ ಅರ್ಥವಿದೆ. ಶಿವಮೊಗ್ಗದ ಶಿಕ್ಷಕರಿಗೆ ಇಲ್ಲದ ಅರ್ಥ. ಬಾಟಲಿಯನ್ನು ಕೊಳ್ಳಲೇಬೇಕೆನಿಸಿದರೆ ಪಾಲಿಈಥರ್ ಅಮೀನ್ ಇರುವುದನ್ನು ಆರಿಸಿ, ಹೇಳಿದ ಪ್ರಮಾಣವನ್ನು ಮೀರದೆ, ವರ್ಷಕ್ಕೊಮ್ಮೆ ಬಳಸಿ. ಒಂದು ಬಾಟಲಿ ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ: ಕೆಲವು ಡಿಟರ್ಜೆಂಟುಗಳು ಅತಿಯಾದರೆ ತಾವೇ ಪೂರ್ತಿ ಉರಿಯದೆ ದಹನಕೋಣೆಯಲ್ಲಿ ಕಾರ್ಬನ್ ಆಗಿ ಉಳಿಯುತ್ತವೆ. ವಾಲ್ವಿನ ಮಡ್ಡಿ ನಿಜವಾಗಿಯೂ ತೊಂದರೆ ಕೊಡುತ್ತಿದ್ದರೆ ಅದನ್ನು ಬಿಚ್ಚಿ ತೆಗೆಸಬೇಕಷ್ಟೆ.

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸಿನಲ್ಲಿದ್ದೇನೆ. ಇಲ್ಲಿ ನಾವೆಲ್ಲ 87 ಆಕ್ಟೇನ್ ಹಾಕಿಸುತ್ತೇವೆ. ದಾವಣಗೆರೆಯಲ್ಲಿರುವ ಅಪ್ಪ ‘ನಮ್ಮಲ್ಲಿ ಕಡಿಮೆ ಎಂದರೂ 91’ ಎಂದು ಫೋನಿನಲ್ಲಿ ತಮಾಷೆ ಮಾಡುತ್ತಾರೆ. ಭಾರತದ ಪೆಟ್ರೋಲ್ ಅಷ್ಟು ಮೇಲುಮಟ್ಟದ್ದೇ?
— ಓದುಗರೊಬ್ಬರು, ಆಸ್ಟಿನ್

ಉತ್ತರ: ಅಪ್ಪನ ಸಂತೋಷವನ್ನು ಕೆಡಿಸುವುದು ಬೇಡವೆನಿಸಿದರೆ ಮುಂದಿನದನ್ನು ಅವರಿಗೆ ಓದಿ ಹೇಳಬೇಡಿ. ಆಕ್ಟೇನನ್ನು ಅಳೆಯಲು ರಿಸರ್ಚ್ ಮತ್ತು ಮೋಟಾರ್ ಎಂಬ ಎರಡು ವಿಧಾನಗಳಿವೆ. ಎರಡನೆಯದರಲ್ಲಿ ಇಂಜಿನ್ನಿಗೆ ಕಷ್ಟ ಹೆಚ್ಚು ಕೊಡುವುದರಿಂದ ಸಂಖ್ಯೆ ಕಡಿಮೆ ಬರುತ್ತದೆ. ಭಾರತದಲ್ಲಿ ಬಂಕಿನಲ್ಲಿ ತೋರಿಸುವುದು ರಿಸರ್ಚ್ ಸಂಖ್ಯೆ. ಅಮೆರಿಕದಲ್ಲಿ ತೋರಿಸುವುದು ಎರಡರ ಸರಾಸರಿ. ನಿಮ್ಮ 87 ಎಂಬುದು ನಮ್ಮ ಲೆಕ್ಕದಲ್ಲಿ ಸುಮಾರು 91ರಿಂದ 92 ಆಗುತ್ತದೆ. ಗಜವೂ ಮೀಟರೂ ಬೇರೆ, ಬಟ್ಟೆ ಒಂದೇ. ಅಲ್ಲಿ ಟಾಪ್ ಟಿಯರ್ ಚಿಹ್ನೆಯುಳ್ಳ ಬಂಕುಗಳ ಸಾಮಾನ್ಯ ದರ್ಜೆಯ ಪೆಟ್ರೋಲಿನಲ್ಲೂ ಆ ಮಟ್ಟದ ಡಿಟರ್ಜೆಂಟ್ ಇರಲೇಬೇಕಾದ್ದರಿಂದ, ಇಂಜಿನ್ ಶುಚಿಗಾಗಿ ದುಬಾರಿ ದರ್ಜೆಯನ್ನು ಕೊಳ್ಳುವ ಅಗತ್ಯ ನಿಮಗಿಲ್ಲ. ಇಂಥ ಚಿಹ್ನೆಯೊಂದು ನಮ್ಮ ಬಂಕುಗಳಲ್ಲೂ ಕಾಣಿಸಿದರೆ ನನ್ನ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಕಾರ್ಬುರೇಟರ್ ಸ್ಕೂಟರ್ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತಿತ್ತು. ಈಗ ಸ್ಟಾರ್ಟ್ ಆದರೂ ಮಿಸ್ಸಿಂಗ್ ಹೊಡೆಯುತ್ತದೆ. ಎಥೆನಾಲ್ ಪೆಟ್ರೋಲಿನಿಂದ ಹೀಗಾಯಿತು, ಕಂಪನಿ ಬದಲಿಸಿ ಎಂದು ಎಲ್ಲರೂ ಹೇಳುತ್ತಿದ್ದಾರೆ.
— ಓದುಗರೊಬ್ಬರು, ಸಿರ್ಸಿ

ಉತ್ತರ: ರೋಗವನ್ನು ಬಹುಶಃ ಸರಿಯಾಗಿ ಹೇಳಿದ್ದಾರೆ, ಮದ್ದನ್ನು ತಪ್ಪಾಗಿ. ಶೇ 20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿಯವರು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಅದು ಯಾವುದೋ ಒಂದು ಕಂಪನಿಯ ಸರಕಲ್ಲ, ಸರ್ಕಾರದ ನೀತಿ. ಆದ್ದರಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಬ್ರಾಂಡ್ ಬದಲಿಸಿ ಎಥೆನಾಲಿನಿಂದ ತಪ್ಪಿಸಿಕೊಳ್ಳಲಾಗದು.

ಎಥೆನಾಲಿಗೆ ನೀರೆಂದರೆ ಪ್ರೀತಿ. ಸ್ವಲ್ಪ ನೀರನ್ನು ಅದು ತನ್ನೊಳಗೇ ಕರಗಿಸಿಕೊಂಡು ಇಂಜಿನ್ನಿಗೆ ಸಾಗಿಸಿಬಿಡುತ್ತದೆ. ಆದರೆ ಮಿತಿ ಮೀರಿತೆಂದರೆ ನೀರೂ ಎಥೆನಾಲೂ ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಮತ್ತು ಕಾರ್ಬುರೇಟರಿಗೆ ಹೋಗುವ ಕೊಳವೆ ಇರುವುದೂ ತಳದಲ್ಲೇ. ಸಿರ್ಸಿಯ ಮಳೆಗಾಲದ ತೇವದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ನಿಂತ ಗಾಡಿಗೆ ಇದು ಆಗುವಂಥದ್ದೇ. ಜೊತೆಗೆ ಎಥೆನಾಲ್ ಒಳ್ಳೆಯ ದ್ರಾವಕವೂ ಹೌದು. ಇಪ್ಪತ್ತು ವರ್ಷ ಟ್ಯಾಂಕಿಗೆ ಅಂಟಿಕೊಂಡಿದ್ದ ಅಂಟನ್ನು ಸಡಿಲಿಸಿ ತಂದು, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್ಟಿನ ಬಾಯಿಗೆ ತುರುಕುತ್ತದೆ; ಹಳೆಯ ರಬ್ಬರ್ ಪೈಪು ವಾಷರುಗಳನ್ನೂ ಅದು ಉಬ್ಬಿಸಬಹುದು. ಒಂದು ಪಾರದರ್ಶಕ ಬಾಟಲಿಗೆ ಟ್ಯಾಂಕಿನ ತಳದ ಪೆಟ್ರೋಲನ್ನು ಇಳಿಸಿ ಹತ್ತು ನಿಮಿಷ ಅಲುಗಿಸದೆ ಬಿಡಿ. ಕೆಳಗೆ ಬೇರೆಯೇ ಪದರವೊಂದು ನಿಂತರೆ ಉತ್ತರ ಸಿಕ್ಕಂತೆ. ಟ್ಯಾಂಕ್ ಖಾಲಿ ಮಾಡಿಸಿ, ಕಾರ್ಬುರೇಟರ್ ಬಿಚ್ಚಿ ತೊಳೆಸಿ, ರಬ್ಬರಿನ ಭಾಗಗಳನ್ನು ಬದಲಿಸಿ. ಮುಂದಿನ ಮಳೆಗಾಲಕ್ಕೆ ನಿಲ್ಲಿಸುವ ಮುನ್ನ ಪೆಟ್ರೋಲ್ ಕಾಕ್ ಮುಚ್ಚಿ ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರನ್ನು ಬರಿದು ಮಾಡಿಡಿ. ಇಲ್ಲಿ ಡಿಟರ್ಜೆಂಟ್ ಏನೂ ಮಾಡಲಾರದು, ಅದು ನೀರನ್ನು ಓಡಿಸುವ ಮದ್ದಲ್ಲ.

ಮೈಲೇಜಿನ ಬಗ್ಗೆಯೂ ಹಲವರು ಕೇಳಿದ್ದೀರಿ. ಲೀಟರಿನ ಲೆಕ್ಕದಲ್ಲಿ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನದರ ಸುಮಾರು ಮೂರನೇ ಎರಡು ಭಾಗ. ಹಳೆಯ ಗಾಡಿಗಳಲ್ಲಿ ಇ20ರಿಂದ ದ್ವಿಚಕ್ರಗಳಿಗೆ ಶೇ 3ರಿಂದ 4, ಕಾರುಗಳಿಗೆ ಶೇ 6ರಿಂದ 7ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ.

ಪ್ರಶ್ನೆ: ಕಲಬೆರಕೆಯಾಗಿದೆಯೇ ಎಂದು ಸಾಮಾನ್ಯ ಗಿರಾಕಿ ಬಂಕಿನಲ್ಲೇ ತಿಳಿಯಲು ಸಾಧ್ಯವೇ? ಕೇಳಿದರೆ ಜಗಳಕ್ಕೆ ಬರುತ್ತಾರೆಂಬ ಅಳುಕು.
— ಓದುಗರೊಬ್ಬರು, ಕೋಲಾರ

ಉತ್ತರ: ಅಳುಕಬೇಕಾಗಿಲ್ಲ, ಕೇಳುವುದು ನಿಮ್ಮ ಹಕ್ಕು, ತೋರಿಸುವುದು ಅವರ ಕರ್ತವ್ಯ. ಪ್ರತಿ ಬಂಕಿನಲ್ಲೂ ಫಿಲ್ಟರ್ ಪೇಪರ್ ಇಟ್ಟಿರಬೇಕು. ನಾಜಲ್ಲಿನ ಬಾಯನ್ನು ಒರೆಸಿ ಒಂದು ಹನಿಯನ್ನು ಆ ಕಾಗದದ ಮೇಲೆ ಬೀಳಿಸಿ. ಶುದ್ಧ ಪೆಟ್ರೋಲಾದರೆ ಹನಿ ಹರಡಿ, ಅಂಚಿನಿಂದ ಒಳಕ್ಕೆ ಒಣಗುತ್ತಾ ಸುಮಾರು ಎರಡು ನಿಮಿಷದಲ್ಲಿ ಮಾಯವಾಗುತ್ತದೆ; ಬಣ್ಣದ ತೀರ ತೆಳು ಛಾಯೆ ಉಳಿದರೆ ಗಾಬರಿ ಬೇಡ. ಸೀಮೆಎಣ್ಣೆಯಂಥದ್ದು ಸೇರಿದ್ದರೆ ಕಾಗದದ ನಡುವೆ ಎಣ್ಣೆಯ ಕಲೆ ಉಳಿಯುತ್ತದೆ. ಇನ್ನೂ ಖಚಿತ ಬೇಕೆಂದರೆ ಸಾಂದ್ರತೆಯನ್ನು ನೋಡಿ. ಟ್ಯಾಂಕರಿನೊಂದಿಗೆ ಬಂದ ದಾಖಲೆಯ ಸಾಂದ್ರತೆ ಬಂಕಿನ ಪುಸ್ತಕದಲ್ಲಿರುತ್ತದೆ. ಹೈಡ್ರೋಮೀಟರ್ ಮತ್ತು ಥರ್ಮಾಮೀಟರಿನಲ್ಲಿ ಅಳೆದು 15 ಡಿಗ್ರಿ ಸೆಲ್ಸಿಯಸಿಗೆ ಪರಿವರ್ತಿಸಿದ ಸಂಖ್ಯೆ ಅದಕ್ಕಿಂತ ಘನಮೀಟರಿಗೆ 3 ಕಿಲೋಗ್ರಾಮಿನೊಳಗೆ ಹೆಚ್ಚು ಕಡಿಮೆಯಾದರೆ ಸರಿ, ಅದನ್ನು ಮೀರಿದರೆ ಅನುಮಾನಕ್ಕೆ ಕಾರಣವಿದೆ. ಅಳತೆಯ ಬಗ್ಗೆ ಸಂಶಯವಿದ್ದರೆ, ಮಾಪನ ಇಲಾಖೆಯ ಮುದ್ರೆಯಿರುವ ಐದು ಲೀಟರಿನ ಪಾತ್ರೆಗೆ ಹಾಕಿ ತೋರಿಸುವಂತೆ ಕೇಳಬಹುದು.

ನನಗೂ ಒಮ್ಮೆ ಪಾಠವಾಗಿದೆ. ಕೆಲವು ವರ್ಷಗಳ ಹಿಂದೆ, ಜೋರು ಮಳೆಯ ಮರುದಿನ, ಹೆದ್ದಾರಿಯ ಬಂಕೊಂದರಲ್ಲಿ ಬೈಕಿನ ಟ್ಯಾಂಕ್ ತುಂಬಿಸಿ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಇಂಜಿನ್ ಕೆಮ್ಮಿ ನಿಂತಿತು. ನೆಲದಡಿಯ ಟ್ಯಾಂಕಿಗೆ ನೀರು ಇಳಿದಿತ್ತು. ಬ್ರಾಂಡ್ ನಾನು ಮೆಚ್ಚಿಕೊಂಡು ಹೋದದ್ದೇ ಆಗಿತ್ತು! ರಸೀದಿ ಜೇಬಿನಲ್ಲಿದ್ದುದರಿಂದ ದುರಸ್ತಿಯ ವೆಚ್ಚವನ್ನು ಅವರೇ ಕೊಟ್ಟರು. ಅಂದಿನಿಂದ ರಸೀದಿಯನ್ನು ಮುಂದಿನ ಸಲ ತುಂಬಿಸುವವರೆಗೆ ಎಸೆಯುವುದಿಲ್ಲ.

ನೀವು ಕೋಲಾರದವರಾದ್ದರಿಂದ ಇನ್ನೊಂದು ಮಾತು. ನಿಮ್ಮ ಜಿಲ್ಲೆಯ ಕೆಜಿಎಫ್‌ನಿಂದ ಬಂದು, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿ, ಇಂಡಿಯನ್ ಆಯಿಲ್ ಸಂಸ್ಥೆಯ ಅಧಿಕಾರಿಯಾಗಿದ್ದ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿನ ವಿರುದ್ಧ ಕ್ರಮ ಕೈಗೊಂಡ ಕಾರಣಕ್ಕೆ 2005ರ ನವೆಂಬರಿನಲ್ಲಿ ಕೊಲೆಯಾದರು. ಅವರಿಗೆ ಆಗ 27 ವರ್ಷ. ಫಿಲ್ಟರ್ ಪೇಪರ್ ಕೊಡಿ ಎಂದು ಕೇಳಲು ಸಂಕೋಚವಾದಾಗ ನಾನು ಅವರನ್ನು ನೆನೆದುಕೊಂಡು ಕೇಳಿಬಿಡುತ್ತೇನೆ.